ಸಣ್ಣ ಆಸ್ತಿಗೆ ಏಳು ಕಿಟಕಿ

ತಿಪಟೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ವಿಲ್ ಬರೆಯದೆ ತೀರಿಕೊಂಡರು ಎಂದಿಟ್ಟುಕೊಳ್ಳೋಣ. ರಾಷ್ಟ್ರೀಕೃತ ಬ್ಯಾಂಕಿನಲ್ಲಿ 4 ಲಕ್ಷದ ಎಫ್‌ಡಿ, ಅಂಚೆ ಕಚೇರಿಯಲ್ಲಿ 2 ಲಕ್ಷದ ಮಾಸಿಕ ಆದಾಯ ಖಾತೆ, ಊರಿನ ಸಹಕಾರ ಸಂಘದಲ್ಲಿ 80 ಸಾವಿರ ಠೇವಣಿ, ಮಗ ಹೇಳಿದನೆಂದು ಡಿಮ್ಯಾಟ್‌ನಲ್ಲಿ ಕೊಂಡ ಒಂದಿಷ್ಟು ಷೇರು, ಒಂದು ಹಳೆಯ ಸ್ಕೂಟರು, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮನೆ, ಒಂದೆಕರೆ ಆರು ಗುಂಟೆ ತೆಂಗಿನ ತೋಟ. ಸಾಲವಿಲ್ಲ, ಮನೆಯಲ್ಲಿ ಜಗಳವೂ ಇಲ್ಲ. ಹೆಂಡತಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಮಗಳು, ಇನ್ನೂ ಬದುಕಿರುವ ತೊಂಬತ್ತು ದಾಟಿದ ತಾಯಿ.

ಮೇಷ್ಟ್ರು ಕೂಡಿಟ್ಟಿದ್ದನ್ನು ಇವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ ಬ್ಯಾಂಕು, ಅಂಚೆ ಕಚೇರಿ, ಸಹಕಾರ ಸಂಘ, ಷೇರು ಬ್ರೋಕರು, ಆರ್‌ಟಿಒ, ಪಂಚಾಯಿತಿ, ನಾಡಕಚೇರಿ ಎಂದು ಏಳು ಕಿಟಕಿಗಳ ಮುಂದೆ ನಿಲ್ಲಬೇಕು. ಏಳು ಕಡೆಯೂ ಕೇಳುವುದು ಒಂದೇ ಪ್ರಶ್ನೆ: ತೀರಿಕೊಂಡವರಿಗೆ ನೀವು ಏನಾಗಬೇಕು, ನಿಮ್ಮನ್ನು ಬಿಟ್ಟು ಇನ್ಯಾರಿದ್ದಾರೆ? ಉತ್ತರವೂ ಒಂದೇ. ಆದರೆ ಒಂದು ಕಿಟಕಿಯಲ್ಲಿ ಒಪ್ಪಿದ ಕಾಗದವನ್ನು ಇನ್ನೊಂದು ಕಿಟಕಿ ಒಪ್ಪುವುದಿಲ್ಲ.

ಕೋಟಿಗಟ್ಟಲೆ ಬಿಟ್ಟುಹೋದವರ ಮನೆಯವರಿಗೆ ವಕೀಲರಿರುತ್ತಾರೆ, ಆಡಿಟರಿರುತ್ತಾರೆ. ಆಸ್ತಿ ಸಣ್ಣದಾದಷ್ಟೂ ಅದನ್ನು ಬಿಡಿಸಿಕೊಳ್ಳುವ ಖರ್ಚಿನ ಪಾಲು ದೊಡ್ಡದಾಗುತ್ತದೆ. ಮೂವತ್ತು ಸಾವಿರದ ಖಾತೆಗಾಗಿ ಛಾಪಾ ಕಾಗದ, ನೋಟರಿ, ಬಸ್ ಚಾರ್ಜು, ಕೂಲಿ ಬಿಟ್ಟ ದಿನಗಳು ಎಲ್ಲ ಲೆಕ್ಕ ಹಾಕಿದ ಬಡವರು ಕೊನೆಗೆ 'ಹೋಗಲಿ ಬಿಡು' ಎನ್ನುತ್ತಾರೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. 2025ರ ಜೂನ್ ಅಂತ್ಯಕ್ಕೆ ಹಾಗೆ ಕೂಡಿಬಿದ್ದ ಮೊತ್ತ ಸುಮಾರು 67 ಸಾವಿರ ಕೋಟಿ ರೂಪಾಯಿ. ಅದೆಲ್ಲವೂ ಸತ್ತವರ ಹಣವೇನಲ್ಲ, ಮರೆತವರದೂ ಊರು ಬಿಟ್ಟವರದೂ ಅದರಲ್ಲಿದೆ. ಆದರೂ 'ಹೋಗಲಿ ಬಿಡು' ಅಂದವರ ಪಾಲು ಚಿಕ್ಕದಿರಲಾರದು.

ನಮ್ಮ ದೇಶದಲ್ಲಿ ಸಣ್ಣ ಆಸ್ತಿಯ ಇತ್ಯರ್ಥಕ್ಕೆ ಸರಳ ದಾರಿಯೇ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದು ಸರಿ ಎನಿಸುವುದಿಲ್ಲ. ಏಳು ಕಿಟಕಿಗೆ ಏಳು ಸರಳ ದಾರಿಗಳಿವೆ, ತೊಂದರೆ ಇರುವುದೇ ಅಲ್ಲಿ. ಎಲ್ಲ ಕಡೆ ಸಲ್ಲುವ ಒಂದು ಕಾಗದವನ್ನು ಕಾನೂನು ಬಹಳ ಹಿಂದೆಯೇ ಕಲ್ಪಿಸಿಕೊಂಡಿತ್ತು, ಅದನ್ನು ಬಳಕೆಗೆ ತರಲಿಲ್ಲ, ಅಷ್ಟೆ.

ಮೊದಲು ನ್ಯಾಯಾಲಯದ ದಾರಿ. ಪ್ರೊಬೇಟ್ ಎಂಬುದು ವಿಲ್ ಅಸಲಿ ಎಂದು ನ್ಯಾಯಾಲಯ ಒತ್ತುವ ಮುದ್ರೆ. ಬೆಂಗಳೂರು, ಮೈಸೂರು, ಧಾರವಾಡದ ಹಿಂದೂ ಕುಟುಂಬಗಳಿಗೆ ಅದು ಕಡ್ಡಾಯವಾಗಿರಲಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮು ಆ ಕಡ್ಡಾಯವನ್ನು ಹಿಂದೂಗಳ ಮಟ್ಟಿಗೆ ಹಳೆಯ ಮುಂಬಯಿ, ಮದರಾಸು, ಕಲ್ಕತ್ತಾ ವ್ಯಾಪ್ತಿಗೆ ಸೀಮಿತಗೊಳಿಸಿತ್ತು. ಕಂಪನಿ ಸರ್ಕಾರದ ಕಾಲದ ಆ ಭೂಗೋಳ 2025ರ ಡಿಸೆಂಬರ್‌ವರೆಗೂ ಉಳಿದುಕೊಂಡಿತ್ತು. ಆಗ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು. ಹಾಗಿದ್ದೂ ನಮ್ಮ ಕೆಲವು ಬ್ಯಾಂಕ್ ಶಾಖೆಗಳಲ್ಲಿ ವಿಲ್ ತೋರಿಸಿದ ಕೂಡಲೇ 'ಪ್ರೊಬೇಟ್ ಮಾಡಿಸಿಕೊಂಡು ಬನ್ನಿ' ಎನ್ನುವ ರೂಢಿ ಇದೆ. ಮುಂಬಯಿಯ ಮುಖ್ಯ ಕಚೇರಿಯಲ್ಲಿ ಬರೆದ ನಿಯಮಾವಳಿ ತಿಪಟೂರಿಗೂ ಬಂದರೆ ಹಾಗಾಗುತ್ತದೆ.

ವಿಲ್ ಇಲ್ಲದವರಿಗೆ ಇರುವುದು ಉತ್ತರಾಧಿಕಾರ ಪ್ರಮಾಣಪತ್ರ, ಕೋರ್ಟಿನ ಆವರಣದಲ್ಲಿ ಎಲ್ಲರೂ ಹೇಳುವಂತೆ ಸಕ್ಸೆಷನ್ ಸರ್ಟಿಫಿಕೇಟ್. ಇದನ್ನು ತಂದದ್ದು 1889ರ ಒಂದು ಕಾಯ್ದೆ, ಆಮೇಲೆ 1925ರ ಕಾಯ್ದೆಯೊಳಗೆ ಸೇರಿತು. ತಮಾಷೆಯೆಂದರೆ ಇದನ್ನು ರೂಪಿಸಿದ್ದೇ ಚುಟುಕು ವಿಚಾರಣೆಯಾಗಿ. ಯಾರ ಹಕ್ಕು ಎಷ್ಟು ಎಂಬ ಗೋಜಲನ್ನು ಪೂರ್ತಿ ಬಿಡಿಸದಿದ್ದರೂ ಪರವಾಗಿಲ್ಲ, ಮೇಲ್ನೋಟಕ್ಕೆ ಯಾರ ಹಕ್ಕು ಗಟ್ಟಿ ಎಂದು ಕಾಣುತ್ತದೋ ಅವರಿಗೆ ಪತ್ರ ಕೊಡಬಹುದು ಎಂದು 373ನೇ ಕಲಮು ನ್ಯಾಯಾಧೀಶರಿಗೆ ಹೇಳುತ್ತದೆ. ಕಾನೂನಿನ ಉದ್ದೇಶ ಹಾಗಿದ್ದರೂ ಅರ್ಜಿ, ನೋಟಿಸು, ಪತ್ರಿಕಾ ಪ್ರಕಟಣೆ, ಸಾಕ್ಷಿ, ಮುಂದೂಡಿಕೆ, ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಎಲ್ಲ ಸೇರಿ ಅದು ಚುಟುಕಾಗಿ ಉಳಿದಿಲ್ಲ. ಇನ್ನೊಂದು ಮಾತು: ಈ ಪತ್ರ ಸಲ್ಲುವುದು ಸತ್ತವರಿಗೆ ಬರಬೇಕಾದ ಹಣಕ್ಕೆ ಮತ್ತು ಷೇರು, ಬಾಂಡುಗಳಂಥ ಪತ್ರಗಳಿಗೆ ಮಾತ್ರ. ಇದನ್ನು ಹಿಡಿದು ತೋಟದ ಖಾತೆಗೆ ಹೋದರೆ ಕೆಲಸವಾಗುವುದಿಲ್ಲ.

ಈ ಕಾಯ್ದೆಯ ಬೀಗದ ಕೈ ಇರುವುದು 381ನೇ ಕಲಮಿನಲ್ಲಿ. ಪತ್ರ ತಂದವರಿಗೆ ಪ್ರಾಮಾಣಿಕವಾಗಿ ಹಣ ಕೊಟ್ಟ ಬ್ಯಾಂಕು ತನ್ನ ಹೊಣೆಯಿಂದ ಪೂರ್ತಿ ಬಿಡುಗಡೆಯಾಗುತ್ತದೆ ಎನ್ನುತ್ತದೆ ಅದು. ನಾಳೆ ಇನ್ನೊಬ್ಬ ವಾರಸುದಾರ ಬಂದು ಬಾಗಿಲು ತಟ್ಟಿದರೆ ಬ್ಯಾಂಕು ಕೈ ಝಾಡಿಸಿಕೊಂಡು ಎದ್ದುಹೋಗಬಹುದು, ಅವರವರೇ ಬಡಿದಾಡಿಕೊಳ್ಳಬೇಕು. ಅಂದರೆ ಈ ಪ್ರಮಾಣಪತ್ರದ ಮುಖ್ಯ ರಕ್ಷಣೆ ವಾರಸುದಾರರಿಗಲ್ಲ, ಹಣ ಕೊಡುವವರಿಗೆ. ಇದು ತಿಳಿದರೆ ಉಳಿದೆಲ್ಲ ಸರಳ ವಿಧಾನಗಳ ಗುಟ್ಟೂ ತಿಳಿದಂತೆ. ಎಲ್ಲ ಕಡೆಯೂ ಪ್ರಶ್ನೆ ಒಂದೇ: ಹಕ್ಕಿಲ್ಲದವರಿಗೆ ಹಣ ಹೋದರೆ ನಷ್ಟ ಯಾರ ತಲೆಗೆ? ನ್ಯಾಯಾಲಯದ ಪತ್ರವಿಲ್ಲದೆ ಬ್ಯಾಂಕು ಹಣ ಕೊಡುವಾಗ ಆ ಅಪಾಯವನ್ನು ನಿಮ್ಮ ಹೆಗಲಿಗೇ ಹಾಕುತ್ತದೆ. ಇಂಡೆಮ್ನಿಟಿ ಬಾಂಡ್ ಎಂದು ಸಹಿ ಹಾಕಿಸಿಕೊಳ್ಳುವ ಕಾಗದದ ಸಾರ ಅಷ್ಟೇ: 'ಮುಂದೆ ತಕರಾರು ಬಂದರೆ ನಾನು ತುಂಬಿಕೊಡುತ್ತೇನೆ.'

ರಿಸರ್ವ್ ಬ್ಯಾಂಕ್ 2005ರಲ್ಲೇ ಈ ದಿಕ್ಕಿನಲ್ಲಿ ಸುತ್ತೋಲೆ ಹೊರಡಿಸಿತ್ತು. ಪ್ರತಿ ಬ್ಯಾಂಕೂ ತನಗೊಂದು ಮಿತಿ ಹಾಕಿಕೊಳ್ಳಲಿ, ಅದರೊಳಗಿನ ಮೊತ್ತಕ್ಕೆ ಸಕ್ಸೆಷನ್ ಸರ್ಟಿಫಿಕೇಟ್ ಕೇಳಬಾರದು ಎಂದಿತ್ತು. ಮಿತಿಯನ್ನು ಬ್ಯಾಂಕುಗಳ ವಿವೇಚನೆಗೆ ಬಿಟ್ಟದ್ದರಿಂದ ಬ್ಯಾಂಕಿಗೊಂದು ಮಿತಿಯಾಯಿತು, ವಿವೇಚನೆ ಮಾತ್ರ ಮ್ಯಾನೇಜರಿಗೊಂದು ತರದ್ದಾಯಿತು. ಕೆಲವರು ಇಬ್ಬರು ಜಾಮೀನುದಾರರನ್ನು ಕೇಳಿದರು, ಅವರ ಆಸ್ತಿ ಪತ್ರವನ್ನೂ ಕೇಳಿದವರಿದ್ದಾರೆ. ಹೆಂಡತಿ ಗಂಡನ ಹಣ ಪಡೆಯಲು ಊರಿನ ಸ್ಥಿತಿವಂತನೊಬ್ಬನ ಸಹಿಗಾಗಿ ಬೇಡಬೇಕಾದ ಸ್ಥಿತಿ ಅದು.

20 ವರ್ಷದ ಮೇಲೆ, 2025ರ ಸೆಪ್ಟೆಂಬರ್ 26ರಂದು ಬಂದ ಹೊಸ ನಿರ್ದೇಶನಗಳು ಈ ಸ್ವಾತಂತ್ರ್ಯಕ್ಕೆ ಬೇಲಿ ಹಾಕಿವೆ. ನಾಮಿನಿ ಇಲ್ಲದ ಖಾತೆಗಳಲ್ಲಿ ಸಹಕಾರಿ ಬ್ಯಾಂಕುಗಳಿಗೆ 5 ಲಕ್ಷ, ಉಳಿದ ಬ್ಯಾಂಕುಗಳಿಗೆ 15 ಲಕ್ಷ ರೂಪಾಯಿವರೆಗೆ ಸರಳ ವಿಧಾನವೇ ನಡೆಯಬೇಕು. ಬೇಕಿದ್ದರೆ ಬ್ಯಾಂಕು ಮಿತಿಯನ್ನು ಏರಿಸಬಹುದು, ಇಳಿಸುವಂತಿಲ್ಲ. ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ಗುರುತಿನ ದಾಖಲೆ, ಇಂಡೆಮ್ನಿಟಿ ಬಾಂಡ್, ಹಣ ಪಡೆಯದ ಉಳಿದ ವಾರಸುದಾರರ ನಿರಾಕ್ಷೇಪಣೆ ಪತ್ರ ಸಾಕು. ವಾರಸುದಾರರ ಪ್ರಮಾಣಪತ್ರ ಇಲ್ಲದಿದ್ದರೆ ಕುಟುಂಬವನ್ನು ಚೆನ್ನಾಗಿ ಬಲ್ಲ, ಕುಟುಂಬಕ್ಕೆ ಸೇರದ ಒಬ್ಬರ ಘೋಷಣೆಯೂ ನಡೆಯುತ್ತದೆ. ಈ ಮಿತಿಯೊಳಗೆ ಮೂರನೆಯವರ ಜಾಮೀನು ಕೇಳುವಂತಿಲ್ಲ. ಕಾಗದಪತ್ರ ಸರಿಯಿದ್ದರೆ 15 ದಿನದಲ್ಲಿ ಹಣ ಕೈಗೆ ಬರಬೇಕು, ತಡವಾದರೆ ಬ್ಯಾಂಕ್ ದರದ ಮೇಲೆ ವರ್ಷಕ್ಕೆ ಶೇಕಡಾ 4ರಷ್ಟು ಸೇರಿಸಿ ಬಡ್ಡಿ. ಲಾಕರಿನ ವಿಷಯದಲ್ಲಿ ತಡಕ್ಕೆ ದಿನವೊಂದಕ್ಕೆ 5,000 ರೂಪಾಯಿ. ಬ್ಯಾಂಕುಗಳು ಇದನ್ನು ಜಾರಿಗೆ ತರಲು ಕೊಟ್ಟ ಕೊನೆಯ ದಿನ 2026ರ ಮಾರ್ಚ್ 31.

ದಂಡದ ಬಡ್ಡಿಯೇ ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು. ಸುತ್ತೋಲೆಗಳಿಗೆ ನಮ್ಮಲ್ಲಿ ಬರವಿಲ್ಲ, ಪಾಲಿಸದಿದ್ದರೆ ಏನಾಗುತ್ತದೆ ಎಂಬ ಸಾಲು ಅವುಗಳಲ್ಲಿ ಅಪರೂಪ.

ನಾಮಿನಿ ಇದ್ದರೆ ಈ ರಗಳೆಯೇ ಇಲ್ಲವಲ್ಲ ಎನ್ನಬಹುದು. ನಿಜ, ನಾಮಿನಿ ಇದ್ದ ಖಾತೆಗೆ ಮರಣ ಪ್ರಮಾಣಪತ್ರ ಮತ್ತು ಗುರುತಿನ ದಾಖಲೆ ಸಾಕು, ಮೊತ್ತದ ಮಿತಿ ಇಲ್ಲ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು, ಯಾರಿಗೆ ಶೇಕಡಾ ಎಷ್ಟು ಎಂದೂ ಬರೆಯಬಹುದು. ಆದರೆ ನಾಮಿನಿ ಹಣ ಪಡೆಯುವವನೇ ಹೊರತು ಹಣದ ಒಡೆಯನಲ್ಲ. 1983ರಲ್ಲಿ ವಿಮೆಯ ಹಣದ ಬಗ್ಗೆ ಸರ್ಬತಿ ದೇವಿ ಪ್ರಕರಣದಲ್ಲಿ, 2010ರಲ್ಲಿ ಬ್ಯಾಂಕ್ ಠೇವಣಿಯ ಬಗ್ಗೆ, 2023ರ ಡಿಸೆಂಬರ್‌ನಲ್ಲಿ ಷೇರುಗಳ ಬಗ್ಗೆ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳುತ್ತ ಬಂದಿದೆ. ಜೀವವಿಮೆಗೆ ಮಾತ್ರ 2015ರ ತಿದ್ದುಪಡಿ ಬೇರೆ ದಾರಿ ಹಿಡಿಯಿತು: ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದ್ದರೆ ಹಣ ಅವರದೇ. ಒಂದೇ ಮನೆಯಲ್ಲಿ ಒಂದೇ ಹೆಂಡತಿ ವಿಮೆಯ ಹಣಕ್ಕೆ ಒಡತಿ, ಎಫ್‌ಡಿಗೆ ಬರೀ ಕಾವಲುಗಾರ್ತಿ. ಹಳ್ಳಿಯಲ್ಲಿ ಇದನ್ನು ವಿವರಿಸಲು ಹೊರಟರೆ ಕೇಳುವವರು ನಮ್ಮ ಮುಖವನ್ನೇ ಅನುಮಾನದಿಂದ ನೋಡುತ್ತಾರೆ, ಅವರ ತಪ್ಪೇನೂ ಇಲ್ಲ.

ಅಂಚೆ ಕಚೇರಿಯ ಲೆಕ್ಕ ಬೇರೆ. ನಾಮಿನಿ ಇಲ್ಲದಿದ್ದರೆ ಸಾವಿನ ಆರು ತಿಂಗಳ ಬಳಿಕ, 5 ಲಕ್ಷದವರೆಗೆ, ಅಫಿಡವಿಟ್, ನಿರಾಕ್ಷೇಪಣೆ, ಇಂಡೆಮ್ನಿಟಿ ಪತ್ರಗಳ ಮೇಲೆ ಹಣ. ಡಿಮ್ಯಾಟ್ ಷೇರುಗಳಿಗೆ ಸೆಬಿ ಹಾಕಿರುವ ಸರಳ ಮಿತಿ ಒಂದು ಖಾತೆಗೆ 15 ಲಕ್ಷ, ಹಳೆಯ ಕಾಗದದ ಷೇರಾದರೆ ಒಂದು ಕಂಪನಿಗೆ 5 ಲಕ್ಷ. ಸ್ಕೂಟರಿಗೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ. ಒಂದೊಂದೂ ಬಿಡಿಯಾಗಿ ನೋಡಿದರೆ ಸಮಂಜಸವೇ. ಒಟ್ಟಿಗೆ ಇಟ್ಟು ನೋಡಿದರೆ ಮಿತಿ ಬೇರೆ, ಕಾಯುವ ಅವಧಿ ಬೇರೆ, ನಮೂನೆ ಬೇರೆ, ಛಾಪಾ ಕಾಗದದ ಬೆಲೆ ಕೂಡ ಬೇರೆ. ಸಾಲದ್ದಕ್ಕೆ ಹೆಸರಿನ ಕಾಟ. ಪಹಣಿಯಲ್ಲಿ 'ರಂಗಪ್ಪ ಬಿನ್ ತಿಮ್ಮಯ್ಯ', ಆಧಾರ್‌ನಲ್ಲಿ 'ರಂಗಪ್ಪ ಟಿ', ಪಿಂಚಣಿ ಪುಸ್ತಕದಲ್ಲಿ 'ಟಿ. ರಂಗಯ್ಯ'. ಈ ಮೂವರೂ ಒಬ್ಬರೇ ಎಂದು ಕಿಟಕಿಗೊಂದು ಅಫಿಡವಿಟ್.

ಇನ್ನು ಎಲ್ಲ ಕಡೆ ಸಲ್ಲಬೇಕಿದ್ದ ಆ ಮರೆತ ಕಾಗದದ ವಿಷಯ. 1963ರ ಅಡ್ಮಿನಿಸ್ಟ್ರೇಟರ್ ಜನರಲ್ ಕಾಯ್ದೆಯಂತೆ ಪ್ರತಿ ರಾಜ್ಯ ಸರ್ಕಾರವೂ ಆ ಹೆಸರಿನ ಅಧಿಕಾರಿಯೊಬ್ಬರನ್ನು ನೇಮಿಸಬೇಕು. ವಾರಸುದಾರರಿಲ್ಲದ ಆಸ್ತಿ ನೋಡಿಕೊಳ್ಳುವುದು ಅವರ ಹಳೆಯ ಕಸುಬು. ಆದರೆ 29ನೇ ಕಲಮು ಅವರಿಗೆ ಇನ್ನೊಂದು ಅಧಿಕಾರ ಕೊಟ್ಟಿದೆ. ಸತ್ತವರು ರಾಜ್ಯದಲ್ಲಿ ಬಿಟ್ಟುಹೋದ ಆಸ್ತಿಯ ಒಟ್ಟು ಬೆಲೆ 10 ಲಕ್ಷ ಮೀರದಿದ್ದರೆ, ಸರ್ಕಾರಿ ಉಳಿತಾಯ ಖಾತೆ ಮತ್ತು ಭವಿಷ್ಯನಿಧಿಯ ಹಣವನ್ನು ಆ ಲೆಕ್ಕದಿಂದ ಬಿಟ್ಟು, ಅವರೇ ಒಂದು ಪ್ರಮಾಣಪತ್ರ ಕೊಡಬಹುದು. ಸಾಮಾನ್ಯವಾಗಿ ಸಾವಿನ ಬಳಿಕ ಒಂದು ತಿಂಗಳು ಕಾಯಬೇಕು. ಹೆಂಡತಿಯೇ ಬರಹದಲ್ಲಿ ಕೇಳಿದರೆ ಅದೂ ಬೇಡ. ಈ ಪತ್ರ ಹಿಡಿದವರಿಗೆ ಅದರಲ್ಲಿ ಬರೆದ ಆಸ್ತಿಯ ಮೇಲೆ ನ್ಯಾಯಾಲಯ ಆಡಳಿತಪತ್ರ ಕೊಟ್ಟರೆ ಬರುವಷ್ಟೇ ಅಧಿಕಾರ, ಅಷ್ಟೇ ಹೊಣೆ. ನ್ಯಾಯಾಧೀಶರ ಮುಂದೆ ನಿಲ್ಲಬೇಕಿಲ್ಲ.

ಬೇರೆ ದೇಶಗಳಲ್ಲಿ ಸಣ್ಣ ಆಸ್ತಿಯ ಕಾನೂನು ಎಂದು ಕರೆಯುವುದು ಇದನ್ನೇ. ನಮ್ಮಲ್ಲಿ ಇದು 60 ವರ್ಷಕ್ಕೂ ಮೇಲೆ ಹಳೆಯದು. 2 ಲಕ್ಷವಿದ್ದ ಮಿತಿಯನ್ನು 2012ರಲ್ಲಿ 10 ಲಕ್ಷಕ್ಕೆ ಏರಿಸಿದರು. ಆದರೆ ರಾಜ್ಯಕ್ಕೊಬ್ಬ ಅಧಿಕಾರಿ ಎಂದರೆ ಬೀದರಿನ ವಿಧವೆಗೂ ಸುಳ್ಯದ ವಿಧವೆಗೂ ಅವರು ಇಲ್ಲದಂತೆಯೇ. ಹಕ್ಕುಪತ್ರದ ಫಾರಂಗಳನ್ನು ಅರಗಿಸಿಕೊಂಡ ಹಳ್ಳಿಯ ಕಾಗದಪತ್ರದ ಪಂಡಿತರೂ ಈ ಹೆಸರು ಎತ್ತುವುದಿಲ್ಲ. ಆ ಅಧಿಕಾರವನ್ನು ತಾಲ್ಲೂಕಿಗೆ ಇಳಿಸಿ, ಮಿತಿಯನ್ನು ಬೆಲೆಯೇರಿಕೆಗೆ ಕಟ್ಟಿದ್ದರೆ ರಿಸರ್ವ್ ಬ್ಯಾಂಕು, ಸೆಬಿ, ಅಂಚೆ ಇಲಾಖೆ ಬೇರೆಬೇರೆಯಾಗಿ ತಲೆ ಕೆಡಿಸಿಕೊಳ್ಳುವ ಪ್ರಮೇಯವೇ ಕಡಿಮೆಯಾಗುತ್ತಿತ್ತು.

ಹೋಲಿಕೆಗೆ ಕ್ಯಾಲಿಫೋರ್ನಿಯಾ ನೋಡಬಹುದು. ಅಲ್ಲಿ ನಮ್ಮವರು ಬಹಳ ಮಂದಿ ನೆಲೆಸಿರುವುದರಿಂದ ಆ ಕಾನೂನು ಕನ್ನಡಿಗರ ಮನೆಗಳಿಗೂ ತಾಗುತ್ತದೆ. 2025ರ ಏಪ್ರಿಲ್ 1ರ ಬಳಿಕ ತೀರಿಕೊಂಡವರ ಚರಾಸ್ತಿ 2,08,850 ಡಾಲರ್ ಮೀರದಿದ್ದರೆ, 40 ದಿನ ಕಾದು ವಾರಸುದಾರರೇ ಒಂದು ಪ್ರಮಾಣ ಹೇಳಿಕೆ ಬರೆದು ಬ್ಯಾಂಕಿಗೋ ಬ್ರೋಕರಿಗೋ ಕೊಡಬಹುದು. ನ್ಯಾಯಾಲಯ ಬೇಡ. ವಾಸದ ಮನೆ 7,50,000 ಡಾಲರ್‌ವರೆಗಿದ್ದರೆ ಅದಕ್ಕೆ ನ್ಯಾಯಾಲಯದಲ್ಲಿ ಒಂದು ಚಿಕ್ಕ ಅರ್ಜಿ. ಡಾಲರಿನ ಮೊತ್ತ ನೋಡಿ ಬೆರಗಾಗಬೇಕಿಲ್ಲ, ಹಿಂದಿರುವ ಕಟ್ಟೋಣ ನೋಡಬೇಕು. ಆ ಹೇಳಿಕೆಯನ್ನು ನಂಬಿ ಹಣ ಕೊಟ್ಟ ಬ್ಯಾಂಕನ್ನು ಕಾನೂನೇ ಹೊಣೆಯಿಂದ ಬಿಡಿಸುತ್ತದೆ, ಸಕಾರಣವಿಲ್ಲದೆ ಕೊಡಲೊಪ್ಪದ ಬ್ಯಾಂಕಿನಿಂದ ವಕೀಲರ ಖರ್ಚು ವಸೂಲಿ ಮಾಡಬಹುದು, ಮಿತಿ ಮೂರು ವರ್ಷಕ್ಕೊಮ್ಮೆ ತಾನಾಗಿ ಪರಿಷ್ಕರಣೆಯಾಗುತ್ತದೆ. ಒಂದು ಕೈಯಲ್ಲಿ ರಕ್ಷಣೆ, ಇನ್ನೊಂದು ಕೈಯಲ್ಲಿ ಚಾಟಿ. ನಮ್ಮ ಹೊಸ ನಿರ್ದೇಶನಗಳು ಚಾಟಿ ಹಿಡಿದಿವೆ, ನಾಮಿನಿ ಇಲ್ಲದ ಖಾತೆಗೆ ರಕ್ಷಣೆಯನ್ನು ಮಾತ್ರ ಇಂಡೆಮ್ನಿಟಿ ಬಾಂಡಿಗೇ ಬಿಟ್ಟಿವೆ. ಇಂಗ್ಲೆಂಡಿನ ಸ್ಥಿತಿ ನಮ್ಮದಕ್ಕೆ ಹತ್ತಿರ: 1965ರ ಕಾಯ್ದೆಯ ಮಿತಿ 5,000 ಪೌಂಡಿಗೆ ನಿಂತುಬಿಟ್ಟಿದೆ, ಬ್ಯಾಂಕುಗಳು ತಮಗೆ ತೋಚಿದ ಮಿತಿ ಹಾಕಿಕೊಂಡು ನಡೆಸುತ್ತಿವೆ.

ಇಲ್ಲಿಯವರೆಗೆ ಹಣದ ಮಾತಾಯಿತು. ನಮ್ಮ ಹಳ್ಳಿಗಳಲ್ಲಿ ಆಸ್ತಿ ಎಂದರೆ ಜಮೀನು, ಜಮೀನು ಎಂದರೆ ಪಹಣಿ. ಹಿರಿಯರು ತೀರಿಕೊಂಡ ಮೇಲೆ ಮೂರು ತಿಂಗಳೊಳಗೆ ತಿಳಿಸಿ ಪೌತಿ ಖಾತೆ ಮಾಡಿಸಿಕೊಳ್ಳಬೇಕು ಎಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ. ಪಾಲಿಸಿದವರು ಕಡಿಮೆ. ತಾತನ ಹೆಸರಿನಲ್ಲೇ ಪಹಣಿ ಇಟ್ಟುಕೊಂಡು ಮೊಮ್ಮಕ್ಕಳು ಉಳುವುದು ಎಷ್ಟು ಸಾಮಾನ್ಯವೆಂದರೆ, ಕಂದಾಯ ಇಲಾಖೆ 2025ರಲ್ಲಿ ಇ-ಪೌತಿ ಆಂದೋಲನ ಹೂಡಿ ಗ್ರಾಮ ಆಡಳಿತ ಅಧಿಕಾರಿಗಳನ್ನೇ ಮನೆಬಾಗಿಲಿಗೆ ಕಳಿಸಬೇಕಾಯಿತು. ಖಾತೆ ಬದಲಾಗದಿದ್ದರೆ ಬೆಳೆಸಾಲಕ್ಕೂ ಬೆಳೆವಿಮೆಗೂ ಪಿಎಂ ಕಿಸಾನ್ ಹಣಕ್ಕೂ ತೊಡಕು ಎಂದು ತಿಳಿದ ಮೇಲೆ ಜನರೂ ಎಚ್ಚೆತ್ತರು.

ಪೌತಿ ಖಾತೆಯ ವಿಧಾನ ನಿಜಕ್ಕೂ ಸರಳ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಅರ್ಜಿ. ವಂಶವೃಕ್ಷಕ್ಕೆ ಮನೆಯವರೇ ಅಫಿಡವಿಟ್ ಬರೆದುಕೊಡಬೇಕು, ಗ್ರಾಮ ಆಡಳಿತ ಅಧಿಕಾರಿ ವಿಚಾರಿಸಿ ವರದಿ ಹಾಕಬೇಕು. ಆಮೇಲೆ ಹಕ್ಕು ಬದಲಾವಣೆಯ ನೋಟಿಸು, ತಕರಾರು ಬರದಿದ್ದರೆ ಎಲ್ಲ ವಾರಸುದಾರರ ಹೆಸರಿನಲ್ಲಿ ಜಂಟಿ ಖಾತೆ. ಪಂಚಾಯಿತಿ ಮನೆಗೆ ಇ-ಸ್ವತ್ತಿನಲ್ಲಿ ಹೆಚ್ಚುಕಡಿಮೆ ಇದೇ ಕತೆ. ವಕೀಲರು ಬೇಡ, ಕೋರ್ಟ್ ಫೀ ಇಲ್ಲ.

ಹಾಗಾದರೆ ಜನ ಏಕೆ ಮಾಡಿಸಿಕೊಳ್ಳುವುದಿಲ್ಲ? ಕಚೇರಿ ಅಲೆದಾಟ ಒಂದು ಕಾರಣ, ಅದನ್ನು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳದ ಕಾರಣ ಇನ್ನೊಂದಿದೆ: ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರೆಯಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಗಂಡಸಿನ ಸ್ವಯಾರ್ಜಿತಕ್ಕೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರೂ ಸಮಾನ ಮೊದಲ ದರ್ಜೆಯ ವಾರಸುದಾರರು. ಪಿತ್ರಾರ್ಜಿತದಲ್ಲೂ ಮಗಳಿಗೆ ಪಾಲು ಕೊಡಬೇಕೆಂದು ಕರ್ನಾಟಕ 1994ರಲ್ಲಿ, ದೇಶಕ್ಕಿಂತ 11 ವರ್ಷ ಮೊದಲೇ, ತಿದ್ದುಪಡಿ ಮಾಡಿತ್ತು. ಆದರೆ ಅಲ್ಲಿಯವರೆಗೆ ಮದುವೆಯಾಗಿ ಹೋದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಗೆರೆ ಅಳಿಸಿತು. 2020ರ ವಿನೀತಾ ಶರ್ಮಾ ತೀರ್ಪು ತಂದೆ ಯಾವಾಗ ತೀರಿಕೊಂಡರು ಎಂಬ ಪ್ರಶ್ನೆಯನ್ನೂ ಮುಗಿಸಿತು.

ಕಾನೂನು ಸ್ಪಷ್ಟವಾದಷ್ಟೂ ವಂಶವೃಕ್ಷಗಳಿಂದ ಹೆಣ್ಣುಮಕ್ಕಳು ಕಾಣೆಯಾಗುವ ಸಂದರ್ಭಗಳೂ ಹೆಚ್ಚಾದವು. ಅಣ್ಣತಮ್ಮಂದಿರು ಅಫಿಡವಿಟ್‌ನಲ್ಲಿ ತಂಗಿಯ ಹೆಸರು ಬಿಟ್ಟು ಬರೆಯುತ್ತಾರೆ, ನೆರೆಹೊರೆಯವರು ತಲೆಯಾಡಿಸುತ್ತಾರೆ, ಖಾತೆ ಆಗಿಹೋಗುತ್ತದೆ. ಮೇಷ್ಟ್ರ ತಾಯಿಯ ಹೆಸರಂತೂ ಯಾರಿಗೂ ನೆನಪಾಗುವುದಿಲ್ಲ. ಮೊದಲ ಹೆಂಡತಿಯ ಮಕ್ಕಳಿದ್ದರೆ ಇನ್ನೂ ಸಲೀಸು. ಇದೇ ಸಂಗತಿ ಬ್ಯಾಂಕಿನಲ್ಲಿ ನಿರಾಕ್ಷೇಪಣೆ ಪತ್ರವಾಗಿ ಬರುತ್ತದೆ. ತಿಥಿಯ ಮಾರನೇ ದಿನ, ನೆಂಟರೆಲ್ಲ ಇನ್ನೂ ಮನೆಯಲ್ಲಿರುವಾಗಲೇ, 'ಒಂದು ಸಹಿ ಅಷ್ಟೇ ಕಣಮ್ಮ' ಎಂದು ತಂಗಿಯ ಮುಂದೆ ಚಾಚುವ ಕಾಗದ ಅದು. ಅವಳು ಓದದೆ ಸಹಿ ಹಾಕುತ್ತಾಳೆ, ಓದಿದರೆ ತವರು ತಪ್ಪುತ್ತದೆ.

ಸರಳೀಕರಣದ ಪರ ಮಾತಾಡುವವರು, ನಾನೂ ಸೇರಿ, ಇದಕ್ಕೆ ಉತ್ತರ ಕೊಡಲೇಬೇಕು. ನ್ಯಾಯಾಲಯದ ನೋಟಿಸಿಗೆ ಬೇಕಾದಷ್ಟು ದೋಷಗಳಿವೆ, ಆದರೂ ಬಿಟ್ಟುಹೋದವರಿಗೆ ಅದು ಒಂದು ಬಾಗಿಲು. ಬಾಗಿಲನ್ನೇ ತೆಗೆದರೆ ಕ್ಯೂ ಚಿಕ್ಕದಾಗುವುದು ನಿಜ, ಚಿಕ್ಕದಾದದ್ದು ಯಾರು ಹೊರಗುಳಿದದ್ದರಿಂದ ಎಂದು ಕೇಳಬೇಕಾಗುತ್ತದೆ. ನನಗೆ ತೋಚುವ ಹಾದಿ ಇಷ್ಟು: ಹಣದ ವಿಷಯದಲ್ಲಿ ಮಿತಿಯೊಳಗೆ ಕಣ್ಣುಮುಚ್ಚಿ ಸರಳಗೊಳಿಸಬಹುದು. ತಪ್ಪಾದರೆ ಮೊತ್ತ ಎಷ್ಟೆಂದು ಗೊತ್ತಿರುತ್ತದೆ, ವಸೂಲಿಯೂ ಆಗಬಹುದು. ಜಮೀನಿನ ವಿಷಯದಲ್ಲಿ ಕಾಗದ ಕಡಿಮೆ ಮಾಡಬೇಕು, ನೋಟಿಸನ್ನು ಬಿಗಿ ಮಾಡಬೇಕು. ವಂಶವೃಕ್ಷದಲ್ಲಿ ಹೆಸರಿರುವ ಪ್ರತಿಯೊಬ್ಬರ ಫೋನಿಗೆ, ಪಡಿತರ ಚೀಟಿ, ಶಾಲೆಯ ದಾಖಲೆಗಳಲ್ಲಿ ಕಾಣುವ ಇತರ ಮಕ್ಕಳ ಫೋನಿಗೂ ಕನ್ನಡದಲ್ಲಿ ಸಂದೇಶ ಹೋದರೆ ಅರ್ಧ ಕಳ್ಳಾಟ ಅಲ್ಲೇ ನಿಲ್ಲುತ್ತದೆ.

ಕೆಲವರಿಗೆ ಗೊತ್ತಿಲ್ಲದ ಸಂಗತಿ, ಹೇಳಿಬಿಡುವುದು ಒಳ್ಳೆಯದು: ಪೌತಿ ಖಾತೆ ಆದ ಮಾತ್ರಕ್ಕೆ ಹಕ್ಕು ತೀರ್ಮಾನವಾಗುವುದಿಲ್ಲ. ಅದು ಕಂದಾಯ ಕಟ್ಟುವವರು ಯಾರು ಎಂಬ ದಾಖಲೆ ಮಾತ್ರ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ, 2021ರಲ್ಲೂ, ಹೇಳಿದೆ. ಆದ್ದರಿಂದ ಹೆಸರು ಬಿಟ್ಟುಹೋದ ಮಗಳ ಪಾಲು ಹೋಗಿರುವುದಿಲ್ಲ. ಅವಳು ಪಾಲು ಬಿಟ್ಟುಕೊಡುವುದಾದರೂ ಬ್ಯಾಂಕಿನ ನಿರಾಕ್ಷೇಪಣೆ ಪತ್ರವಾಗಲಿ ಮನೆಯಲ್ಲಿ ಬರೆದ ಪಾಲುಪಟ್ಟಿಯ ಮೇಲಿನ ಸಹಿಯಾಗಲಿ ಜಮೀನಿಗೆ ಸಲ್ಲದು, ಹಕ್ಕು ಬಿಡುಗಡೆ ಪತ್ರ ಉಪನೋಂದಣಾಧಿಕಾರಿಯ ಮುಂದೆ ನೋಂದಣಿಯಾಗಬೇಕು. ದಾವೆ ಹೂಡಲು ದುಡ್ಡಿಲ್ಲವೆಂದು ಹಿಂದೆ ಸರಿಯುವವರಿಗೆ ಇನ್ನೊಂದು ಮಾತು: ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು.

ವಾರಸುದಾರರು ಯಾರು ಎಂಬುದೇ ತೊಡಕಾಗುವ ಮನೆಗಳೂ ಉಂಟು. ಮಕ್ಕಳಿಲ್ಲದ ವಿಧವೆ ಸ್ವಂತ ದುಡಿಮೆಯಿಂದ ಉಳಿಸಿದ ಹಣ ವಿಲ್ ಇಲ್ಲದಿದ್ದರೆ ಹಿಂದೂ ಕಾಯ್ದೆಯಂತೆ ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ, ಕೊನೆಗಾಲದಲ್ಲಿ ನೋಡಿಕೊಂಡ ಅಣ್ಣನಿಗಲ್ಲ. 2009ರಲ್ಲಿ ಸುಪ್ರೀಂ ಕೋರ್ಟ್ ಮನಸ್ಸಿಲ್ಲದ ಮನಸ್ಸಿನಿಂದ ಎಂಬಂತೆ ಇದನ್ನೇ ಎತ್ತಿಹಿಡಿಯಿತು. ಮುಸ್ಲಿಂ ಕುಟುಂಬದಲ್ಲಿ ಪಾಲಿನ ಲೆಕ್ಕ ಬೇರೆ, ಕ್ರೈಸ್ತರಲ್ಲಿ 1925ರ ಕಾಯ್ದೆಯದೇ ಲೆಕ್ಕ. ಇದನ್ನೆಲ್ಲ ಶಾಖೆಯ ಗುಮಾಸ್ತರು ಕೌಂಟರಿನಲ್ಲಿ ಕೂತು ತೀರ್ಮಾನಿಸಬೇಕೆಂದು ಬಯಸುವುದು ಅನ್ಯಾಯ. ಅವರು ಹೆದರಿ ಕೋರ್ಟಿಗೆ ಕಳಿಸಿದರೆ ಪೂರ್ತಿ ಬೈಯುವಂತಿಲ್ಲ. ಈ ಲೆಕ್ಕ ಬಲ್ಲ ಅಧಿಕಾರಿಯೊಬ್ಬರು ಒಮ್ಮೆ ನೋಡಿ ಪತ್ರ ಕೊಟ್ಟರೆ ಏಳು ಕಿಟಕಿಯ ಗುಮಾಸ್ತರೂ ಬಚಾವು.

ಮಗ ಹೊರದೇಶದಲ್ಲಿದ್ದರೆ ಅವನ ನಿರಾಕ್ಷೇಪಣೆಗೂ ಪವರ್ ಆಫ್ ಅಟಾರ್ನಿಗೂ ಅಲ್ಲಿನ ನೋಟರಿ, ಅದರ ಮೇಲೆ ಅಪೊಸ್ಟೀಲ್ ಅಥವಾ ರಾಯಭಾರ ಕಚೇರಿಯ ಮುದ್ರೆ, ಇಲ್ಲಿ ಬಂದ ಮೇಲೆ ಛಾಪಾ ಶುಲ್ಕ. ಅವನು ರಜೆಗೆ ಬಂದಾಗಲೇ ಎಲ್ಲ ಸಹಿ ಮುಗಿಸಿಕೊಳ್ಳುವ ಮನೆಗಳು ಜಾಣರ ಮನೆಗಳು.

ಏಳು ಕಿಟಕಿಗಳಲ್ಲಿ ಒಂದರ ಬಗ್ಗೆ ಇನ್ನೂ ಹೇಳಿಲ್ಲ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ ಬ್ಯಾಂಕುಗಳಿಗೆ ಅನ್ವಯ, ಸಹಕಾರಿ ಬ್ಯಾಂಕೂ ಅದರಲ್ಲಿ ಸೇರಿದೆ. ಆದರೆ ಮೇಷ್ಟ್ರು ಠೇವಣಿ ಇಟ್ಟಿದ್ದು ಊರಿನ ಸಹಕಾರ ಸಂಘದಲ್ಲಿ. ವ್ಯವಸಾಯ ಸೇವಾ ಸಹಕಾರ ಸಂಘಗಳು, ಬಹುಪಾಲು ಪತ್ತಿನ ಸಂಘಗಳು ಕಾನೂನಿನ ಕಣ್ಣಿಗೆ ಬ್ಯಾಂಕುಗಳಲ್ಲ. ಅಲ್ಲಿ 15 ದಿನದ ಗಡುವಿಲ್ಲ, ದಂಡದ ಬಡ್ಡಿಯೂ ಇಲ್ಲ. ನಡೆಯುವುದು ಸಂಘದ ಬೈಲಾ, ಆಡಳಿತ ಮಂಡಳಿಯ ಮುಂದಿನ ಸಭೆ, ಕಾರ್ಯದರ್ಶಿಯ ಬಿಡುವು. ರಾಜ್ಯದ ಸಹಕಾರ ಇಲಾಖೆ ಇದೇ 5 ಲಕ್ಷದ ಮಿತಿಯನ್ನೂ ಇದೇ ಪಟ್ಟಿಯನ್ನೂ ಸಂಘಗಳಿಗೂ ಒಂದು ಆದೇಶದಲ್ಲಿ ಅನ್ವಯಿಸಿದರೆ ಸಂಸತ್ತಿನ ತಿದ್ದುಪಡಿಗೆ ಕಾಯಬೇಕಾಗಿಲ್ಲ. ಅಲ್ಲಿಯವರೆಗೆ ಸಂಘದ ಪಾಸ್‌ಬುಕ್ ಇರುವವರು ಅದರಲ್ಲಿ ನಾಮಿನಿ ಹೆಸರು ಬರೆದಿದೆಯೇ, ಬರೆದಿದ್ದರೆ ಆ ನಾಮಿನಿ ಇನ್ನೂ ಬದುಕಿದ್ದಾರೆಯೇ ಎಂದು ಈ ತಿಂಗಳ ಕಂತು ಕಟ್ಟಲು ಹೋದಾಗಲೇ ನೋಡಿಕೊಳ್ಳಬಹುದು.